ಹಿಂಗಾರಿ ಹೊಲ, ಹಬ್ಬ, ಮಕ್ಕಳು: ಮಹಾನವಮಿಯಿಂದ ಗೌರಿ ಹುಣ್ಣಿಮೆವರೆಗೆ ಮನೆ ನಡೆಸುವ ಬಗೆ

ಮೂರು ವರ್ಷದ ಹಿಂದಿನ ಮಾತು. ಹತ್ತಿ ಬಿಡಿಸಿ ಸಂಜೆ ಮನೆಗೆ ಬಂದಿದ್ದೆ. ದೊಡ್ಡವಳು ಹೊಸ್ತಿಲ ಮೇಲೆ ಕೂತಿದ್ದಳು. “ಅವ್ವಾ, ನೀ ಯಾವಾಗ ಖಾಲಿ ಆಗ್ತಿ?” ಅಂದಳು. ಅವಳಿಗೆ ಆಗ ಆರು ವರ್ಷ. “ಗೌರಿ ಹುಣ್ಣಿಮಿ ಆಗ್ಲಿ ತಡಿ” ಅಂದೆ. ಗೌರಿ ಹುಣ್ಣಿಮೆ ಬಂತು, ಜೋಳಕ್ಕೆ ಎಡೆ ಹೊಡೆದು ಸಾಲಿನ ನಡುವಿನ ಕಳೆ ತೆಗೆಯುವುದಿತ್ತು. ಆಮೇಲೆ ತೊಗರಿ ಕೊಯ್ಲು, ಅದಾದ ಮೇಲೆ ಕಡಲೆ. ಒಕ್ಕಲುತನದ ಮನೆಯಲ್ಲಿ ಖಾಲಿ ದಿನ ಅಂತ ಒಂದು ಬರುವುದೇ ಇಲ್ಲ ಅಂತ ನನಗೆ ಅವತ್ತು ಗೊತ್ತಾಯಿತು.

ಅಲ್ಲಿಂದ ಮುಂದೆ ಮಕ್ಕಳಿಗಾಗಿ ಬೇರೆ ಸಮಯ ಹುಡುಕುವುದನ್ನು ಬಿಟ್ಟೆ. ಇರುವ ಕೆಲಸದೊಳಗೇ ಅವರಿಗೆ ಜಾಗ ಮಾಡತೊಡಗಿದೆ. ನಮ್ಮದು ಕೊಪ್ಪಳ ಜಿಲ್ಲೆ, ಯಲಬುರ್ಗಾ ಕಡೆ ಊರು. ಸ್ವಲ್ಪ ಎರಿ ಅಂದರೆ ಕಪ್ಪು ಮಣ್ಣಿನ ಹೊಲ, ಸ್ವಲ್ಪ ಮಸಾರಿ ಅಂದರೆ ಕೆಂಪು ಮಣ್ಣಿನದು. ಮನೆಯಲ್ಲಿ ಅತ್ತೆ, ಗಂಡ, ಒಂಬತ್ತು ವರ್ಷದ ಮಗಳು, ಐದು ವರ್ಷದ ಮಗ. ಗಂಗಾವತಿ, ಸಿಂಧನೂರು ಕಡೆ ಭತ್ತ ಬೆಳೆಯುವವರಿಗೆ ಕೆಲಸದ ದಿನಗಳು ಬೇರೆ ಇರುತ್ತವೆ. ಆದರೂ ಇಲ್ಲಿ ಹೇಳುವುದರಲ್ಲಿ ಮುಕ್ಕಾಲು ಭಾಗ ನಿಮಗೂ ಬರುತ್ತದೆ.

ಮೊದಲು ಎರಡು ತಿಂಗಳನ್ನು ಗೋಡೆಗೆ ತನ್ನಿ

ಒಂದು ಕ್ಯಾಲೆಂಡರ್, ಎರಡು ಬಣ್ಣದ ಪೆನ್ನು ಸಾಕು. ಭಾದ್ರಪದದ ಕೊನೆಯಲ್ಲೇ ಕುಳಿತು ಬರೆಯಿರಿ. ಅತ್ತೆ ಮಳೆ ಹೆಸರು ಹೇಳುತ್ತಾರೆ, ಮಗಳು ಬರೆಯುತ್ತಾಳೆ. ಹಸ್ತ ಮಳೆ ಸುಮಾರು ಸೆಪ್ಟೆಂಬರ್ 27ಕ್ಕೆ ಹುಟ್ಟುತ್ತದೆ, ಚಿತ್ತಿ ಅಕ್ಟೋಬರ್ 10ರ ಹೊತ್ತಿಗೆ, ಸ್ವಾತಿ ಅಕ್ಟೋಬರ್ 24ರ ಹೊತ್ತಿಗೆ. ಬಿಳಿಜೋಳ, ಕಡಲೆ ಬಿತ್ತನೆ ಇದರ ನಡುವೆಯೇ ಬೀಳುತ್ತದೆ. ಅದೇ ಹೊತ್ತಿಗೆ ಸಜ್ಜೆ, ಶೇಂಗಾ ಮನೆಗೆ ಬರಬೇಕು, ಹತ್ತಿ ಒಡೆಯಲು ಶುರುವಾಗಿರುತ್ತದೆ. ಶಾಲೆಯ ದಸರಾ ರಜೆಯೂ ಆಗಲೇ, ಎರಡು ವಾರಕ್ಕೂ ಜಾಸ್ತಿ. ಅಂದರೆ ಮಕ್ಕಳು ಪೂರ್ತಿ ಮನೆಯಲ್ಲಿರುವ ದಿನಗಳೂ, ನಾವು ಪೂರ್ತಿ ಹೊಲದಲ್ಲಿರುವ ದಿನಗಳೂ ಒಂದೇ. ಇದನ್ನು ಗೋಡೆ ಮೇಲೆ ನೋಡಿದಾಗಲೇ ತಲೆಗೆ ಹೋಗುತ್ತದೆ.

ಮನೆಯ ದೊಡ್ಡವರೆಲ್ಲ ಹೊಲಕ್ಕೆ ಹೋಗುವ ದಿನಕ್ಕೆ ಕೆಂಪು ಗುರುತು ಹಾಕಿ. ಹಬ್ಬಕ್ಕೆ ನೀಲಿ. ಮಳೆ ಬಂದು ಕೆಲಸ ಹಿಂದೆ ಮುಂದೆ ಆದರೆ ಕೆಂಪು ಬದಲಾಗುತ್ತದೆ, ಪರವಾಗಿಲ್ಲ. ನೀಲಿ ಮಾತ್ರ ಅಲ್ಲಾಡಬಾರದು. ಮಕ್ಕಳು ದಿನ ಎಣಿಸುವುದು ಅದನ್ನೇ.

ಕೆಂಪು ದಿನಗಳಿಗೆ ಮುಯ್ಯಿ ಕಟ್ಟಿ

ಕಳೆ ತೆಗೆಯಲು, ಕೊಯ್ಯಲು ನಾವು ಮುಯ್ಯಿ ಆಳು ಹೋಗುತ್ತೇವೆ. ಇವತ್ತು ನಾನು ನಿನ್ನ ಹೊಲಕ್ಕೆ, ನಾಳೆ ನೀನು ನನ್ನ ಹೊಲಕ್ಕೆ. ಇದೇ ಲೆಕ್ಕವನ್ನು ಮಕ್ಕಳನ್ನು ನೋಡಿಕೊಳ್ಳುವುದಕ್ಕೂ ಹಾಕಬಹುದು ಅಂತ ಹೊಳೆದಿದ್ದು ನಮ್ಮ ಓಣಿಯ ಅಕ್ಕ ಒಬ್ಬರಿಗೆ. ನನಗೆ ಈ ಸುಗ್ಗಿಯಲ್ಲಿ ಇಷ್ಟು ಉಪಯೋಗಕ್ಕೆ ಬಂದದ್ದು ಬೇರೆ ಯಾವುದೂ ಇಲ್ಲ.

ನಾಲ್ಕು ಮನೆಯವರು ಸೇರಿಕೊಂಡೆವು. ದಿನಕ್ಕೊಬ್ಬರು ಮನೆಯಲ್ಲಿ ಉಳಿಯುತ್ತಾರೆ, ನಾಲ್ಕೂ ಮನೆಯ ಮಕ್ಕಳನ್ನು ನೋಡುತ್ತಾರೆ. ಉಳಿದ ಮೂವರು ಹೊಲಕ್ಕೆ. ಮಕ್ಕಳ ಬುತ್ತಿ ಅವರವರ ಮನೆಯಿಂದಲೇ ಬರಬೇಕು. ನಾಲ್ಕು ದಿನಕ್ಕೊಂದು ದಿನದ ಕೂಲಿ ಹೋಗುತ್ತದೆ, ನಿಜ. ಆದರೆ ಉಳಿದ ಮೂರು ದಿನ ಕೈ ಹೊಲದಲ್ಲಿ, ಜೀವ ಮನೆಯಲ್ಲಿ ಅನ್ನುವಂಗೆ ಇರುವುದಿಲ್ಲ.

ಮುಯ್ಯಿ ಉಳಿಯಬೇಕು ಅಂದರೆ ಮೊದಲೇ ಕೆಲವು ಮಾತು ಆಡಿಕೊಳ್ಳಿ. ಯಾವ ಮಗುವಿಗೆ ಯಾವ ಔಷಧಿ, ಯಾರ ಮನೆ ಫೋನ್ ನಂಬರ್ ಏನು, ಇದು ಬಾಗಿಲ ಹಿಂದೆ ಬರೆದಿರಲಿ. ಬಾವಿ, ಕೃಷಿ ಹೊಂಡ, ಕಾಲುವೆ ಕಡೆ ಮಕ್ಕಳು ಹೋಗುವಂತೇ ಇಲ್ಲ. ಬೇರೆಯವರ ಮಗುವಿಗೆ ಹೊಡೆಯುವಂತಿಲ್ಲ. ಒಬ್ಬರಿಗೆ ಬರಲು ಆಗದಿದ್ದರೆ ಹಿಂದಿನ ರಾತ್ರಿಯೇ ಹೇಳಬೇಕು. ಅಜ್ಜಿಯರಿದ್ದರೆ ಒಳ್ಳೆಯದು, ಆದರೆ ಏಳು ಮಕ್ಕಳ ಹಿಂದೆ ಓಡುವ ಕೆಲಸವನ್ನು ಎಪ್ಪತ್ತರ ಮೊಣಕಾಲಿಗೆ ಹಾಕಬೇಡಿ. ಅವರಿಗೆ ಕತೆ ಹೇಳುವ ಹೊತ್ತು ಕೊಡಿ.

ಮೂರು ವರ್ಷದೊಳಗಿನ ಕೂಸಿದ್ದರೆ ಗ್ರಾಮ ಪಂಚಾಯಿತಿಯ ‘ಕೂಸಿನ ಮನೆ’ ನಿಮ್ಮ ಊರಲ್ಲಿ ನಡೆಯುತ್ತಿದೆಯಾ ಕೇಳಿ ನೋಡಿ. ದೊಡ್ಡ ಮಕ್ಕಳಿಗೆ ಅಂಗನವಾಡಿ ಇದ್ದೇ ಇದೆ.

ಒಲೆ ಮುಂದಿನ ಕೆಲಸ ಅರ್ಧ ಹಿಂದಿನ ದಿನವೇ ಮುಗಿಯಲಿ

ಬೆಳಿಗ್ಗೆ ಎಲ್ಲರ ಮೇಲೂ ರೇಗುವುದು ರೊಟ್ಟಿ ಬಡಿಯುವ ಹೊತ್ತಿಗೇ ಅಲ್ವಾ? ನಾನು ವಾರಕ್ಕೆ ಎರಡು ಸಲ ಖಡಕ್ ರೊಟ್ಟಿ ಮಾಡಿಡುತ್ತೇನೆ. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ತಿಂಗಳಿಗೊಮ್ಮೆ. ಮಕ್ಕಳಿಗೆ ಅಂತ ಖಾರ ಕಡಿಮೆ ಹಾಕಿದ ಶೇಂಗಾ ಹಿಂಡಿಯ ಡಬ್ಬಿ ಬೇರೆ. ಹಿಂಡಿಗೆ ಮೊಸರು ಕಲಸಿ, ಮುರಿದ ರೊಟ್ಟಿ ನೆನೆಸಿ ಕೊಟ್ಟರೆ ಸಣ್ಣವನು ತಾನೇ ತಿನ್ನುತ್ತಾನೆ. ಬೆಳಿಗ್ಗೆ ಬರೀ ಪಲ್ಲೆ ಮಾಡಿದರೆ ಸಾಕು. ಉಳಿದ ಅರ್ಧ ಗಂಟೆಯಲ್ಲಿ ಮಗಳ ತಲೆ ಬಾಚುತ್ತೇನೆ. ಅವಳು ದಿನದ ಸುದ್ದಿಯೆಲ್ಲ ಹೇಳುವುದು ಆಗಲೇ.

ನೀರಿನ ವಿಷಯ ಒಂದಿದೆ, ಅದನ್ನು ಹಗುರ ಮಾಡಬೇಡಿ. ಕೊಪ್ಪಳ, ರಾಯಚೂರು, ಬಳ್ಳಾರಿ ಜಿಲ್ಲೆಗಳ ಎಷ್ಟೋ ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಒಂದು ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಮಕ್ಕಳ ಹಲ್ಲು ಒಸಡಿನೊಳಗೆ ತಯಾರಾಗುವ ವಯಸ್ಸಿನಲ್ಲಿ ಇಂಥ ನೀರು ಕುಡಿದರೆ ಹಲ್ಲಿನ ಮೇಲೆ ಕಂದು ಪಟ್ಟೆ ಬೀಳುತ್ತದೆ, ಅದು ಮತ್ತೆ ಹೋಗುವುದಿಲ್ಲ. ಕಾಯಿಸಿದರೆ ಫ್ಲೋರೈಡ್ ಕಡಿಮೆಯಾಗುವುದಿಲ್ಲ. ಹೊಲದಲ್ಲಿ ಬೋರ್ ನೀರು ತಣ್ಣಗಿದೆ ಅಂತ ಮಕ್ಕಳು ಬೊಗಸೆ ಒಡ್ಡುತ್ತಾರೆ. ಊರಿನ ಶುದ್ಧ ನೀರಿನ ಘಟಕದಿಂದ ತಂದ ನೀರನ್ನೇ ಬಾಟಲಿಗೆ ತುಂಬಿ ಜೊತೆಗೆ ಒಯ್ಯಿರಿ.

ಹೊಲದಲ್ಲಿ ಮಕ್ಕಳಿಗೆ ಜಾಗ ಕೊಡಿ, ದುಡಿಮೆ ಬೇಡ

ಇದನ್ನು ನಾನು ತಪ್ಪು ಮಾಡಿ ಕಲಿತೆ. ಒಂದು ವರ್ಷ ಹತ್ತಿ ಒಮ್ಮೆಲೇ ಒಡೆಯಿತು, ಆಳು ಸಿಗಲಿಲ್ಲ, ಮೇಲೆ ಮೋಡ. ಶಾಲೆ ಶುರುವಾಗಿದ್ದರೂ ಮಗಳನ್ನು ಮೂರು ದಿನ ಹೊಲಕ್ಕೆ ಕರೆದುಕೊಂಡು ಹೋದೆ. ಒಣಗಿದ ಹತ್ತಿ ಕಾಯಿಯ ತುದಿ ಚುಚ್ಚಿ ಅವಳ ಬೆರಳೆಲ್ಲ ಗೀರಿತ್ತು. ನಾಲ್ಕನೇ ದಿನ ಶಾಲೆಯ ಟೀಚರ್ ಮನೆಗೆ ಬಂದರು. ಬೈಯಲಿಲ್ಲ. ಅವಳ ಕೈ ಹಿಡಿದು ನೋಡಿದರು, “ನಾಳೆ ಕಳಿಸ್ರಿ ಅಕ್ಕಾ” ಅಂದರು ಅಷ್ಟೇ. ಆ ವರ್ಷದ ಹತ್ತಿಯ ದುಡ್ಡು ಯಾವಾಗಲೋ ಖರ್ಚಾಯಿತು. ಆ ಬೆರಳು ಮಾತ್ರ ಇನ್ನೂ ಕಣ್ಣ ಮುಂದಿದೆ.

14 ವರ್ಷದೊಳಗಿನ ಮಕ್ಕಳನ್ನು ದುಡಿಮೆಗೆ ಹಚ್ಚುವುದು ಕಾನೂನಿಗೇ ವಿರುದ್ಧ. ಸ್ವಂತ ಮನೆಯ ಕೆಲಸದಲ್ಲಿ, ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ, ಅಪಾಯವಿಲ್ಲದ ಕಡೆ ಕೈ ಜೋಡಿಸಬಹುದು, ಅಷ್ಟೇ. ಬೇರೆಯವರ ಹೊಲಕ್ಕೆ ಕೂಲಿಗೆ ಮಗುವನ್ನು ಕಳಿಸುವುದು ಕಂಡರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ನನ್ನ ಮಟ್ಟಿಗೆ ಲೆಕ್ಕ ಇನ್ನೂ ಸರಳ. ಮಗು ನಡುವೆ ಎದ್ದು ಹೋಗಿ ಆಡಿದರೆ ಕೆಲಸ ನಿಲ್ಲುತ್ತದೆ ಅಂತಾದರೆ, ಅದು ಮಗುವಿಗೆ ಕೊಡಬಾರದ ಕೆಲಸ.

ಹಾಗಾದರೆ ಏನು ಕೊಡಬಹುದು? ಐದಾರು ವರ್ಷದವರು ಶೇಂಗಾ ಕಾಯಿ ಬಿಡಿಸಲಿ, ಕೋಳಿಗೆ ಕಾಳು ಹಾಕಲಿ, ಆಕಳ ಕರುವಿಗೆ ಹೆಸರಿಡಲಿ. ಎಂಟು ಹತ್ತರವರು ಬುತ್ತಿ ಗಂಟು ಕಟ್ಟಲಿ, ಎಷ್ಟು ಚೀಲ ಬಂತು ಅಂತ ವಹಿಯಲ್ಲಿ ಬರೆಯಲಿ. ರಜೆಯಲ್ಲಿ ವಾರಕ್ಕೆ ಎರಡು ಬೆಳಿಗ್ಗೆ ಹೊಲಕ್ಕೆ ಕರೆದುಕೊಂಡು ಹೋದರೆ ಸಾಕು. ಹತ್ತೂವರೆಯೊಳಗೆ ವಾಪಸ್ ಕಳಿಸಿ. ಅಕ್ಟೋಬರ್ ಬಿಸಿಲು ಮಳೆ ನಿಂತ ಮೇಲೆ ಬೇಸಿಗೆಯಂತೆಯೇ ಸುಡುತ್ತದೆ.

ಮಕ್ಕಳಿಗೆ ನಿಜವಾದ ಹೊಣೆ ಕೊಡಬೇಕು ಅನ್ನಿಸಿದರೆ ಬೀಜದ ಪರೀಕ್ಷೆ ಒಪ್ಪಿಸಿ. ಬಿತ್ತನೆಗೆ ಒಂದು ವಾರ ಮುಂಚೆ ಜೋಳದ ಬೀಜ ನೂರು ಎಣಿಸಿ ಕೊಡಿ. ಒದ್ದೆ ಗೋಣಿ ಚೀಲದ ತುಂಡಿನ ಮೇಲೆ ಹತ್ತು ಸಾಲು, ಸಾಲಿಗೆ ಹತ್ತು ಕಾಳು. ಮೆಲ್ಲಗೆ ಸುರುಳಿ ಸುತ್ತಿ ನೆರಳಿನಲ್ಲಿಟ್ಟು ದಿನಾ ನೀರು ಚಿಮುಕಿಸಬೇಕು. ನಾಲ್ಕೈದು ದಿನಕ್ಕೆ ಬಿಚ್ಚಿ ಮೊಳಕೆ ಬಂದದ್ದನ್ನು ಎಣಿಸಬೇಕು. ಜೋಳ ನೂರಕ್ಕೆ 75 ಮೊಳೆತರೆ ಬೀಜ ಸರಿ. ಕಡಲೆಯಾದರೆ 85 ಬೇಕು. ಹೋದ ವರ್ಷ ನಮ್ಮ ಮನೆಯಲ್ಲಿಟ್ಟ ಜೋಳ 61 ಬಂತು. ಮಗಳು ಎರಡು ಸಲ ಎಣಿಸಿ ಅಪ್ಪನಿಗೆ ಹೇಳಿದಳು. ಅವರು ಬೇರೆ ಬೀಜ ತಂದರು. ಆ ಹೊಲ ಮೊಳೆತ ದಿನ ಅವಳು ಬದುವಿನ ಮೇಲೆ ನಿಂತ ಠೀವಿ ನೋಡಬೇಕಿತ್ತು.

ಹಾವು, ಔಷಧಿ, ಸೊಳ್ಳೆ

ಹಾವು ಈ ದಿನಗಳಲ್ಲಿ ಬಣವೆ, ಸೊಪ್ಪೆ, ಕಾಳಿನ ಚೀಲದ ಸುತ್ತ ಜಾಸ್ತಿ. ಕಾಳಿಗೆ ಇಲಿ ಬರುತ್ತದೆ, ಇಲಿಗೆ ಹಾವು. ಮಕ್ಕಳನ್ನು ಬರಿಗಾಲಲ್ಲಿ ಬಿಡಬೇಡಿ. ಸೊಪ್ಪೆ ಸಂದಿಗೆ ಕೈ ಹಾಕುವ ಆಟ ಬೇಡ. ಸಂಜೆ ಹೊರಗೆ ಹೋಗಲು ಬ್ಯಾಟರಿ ಕೈಯಲ್ಲಿರಲಿ. ರಾತ್ರಿ ನೆಲದ ಮೇಲೆ ಮಲಗಿಸಬೇಡಿ, ಹೊರಸು ಅಥವಾ ಮಂಚದ ಮೇಲೆ ಸೊಳ್ಳೆ ಪರದೆ ಕಟ್ಟಿ ಅಂಚನ್ನು ಹಾಸಿಗೆಯೊಳಗೆ ಸಿಕ್ಕಿಸಿ. ಕಟ್ಟುಹಾವು ರಾತ್ರಿ ಮಲಗಿದವರನ್ನೇ ಕಡಿಯುವುದು. ಗಾಯ ಕಾಣದೆಯೂ ಇರಬಹುದು. ಮಗು ನಡುರಾತ್ರಿ ಹೊಟ್ಟೆ ನೋವು ಅಂತ ಎದ್ದು, ಕಣ್ಣ ರೆಪ್ಪೆ ಜೋತು ಬೀಳುತ್ತಿದ್ದರೆ, ಮಾತು ತೊದಲಿದರೆ, ಬೆಳಗಾಗಲಿ ಅಂತ ಕಾಯಬೇಡಿ.

ಕಡಿತವಾದರೆ ಹಗ್ಗ ಬಿಗಿಯಬೇಡಿ, ಕೊಯ್ಯಬೇಡಿ, ಬಾಯಿಂದ ಹೀರಬೇಡಿ, ಬೇರು ಅರೆದು ಹಚ್ಚಬೇಡಿ. ಕಾಲ್ಗೆಜ್ಜೆ, ಕಡಗ, ಉಡದಾರ ಬಿಚ್ಚಿ. ಮಗುವನ್ನು ನಡೆಸದೆ, ಕಡಿದ ಕೈ ಅಥವಾ ಕಾಲು ಅಲ್ಲಾಡದಂತೆ ಹಿಡಿದು ಆಸ್ಪತ್ರೆಗೆ ಒಯ್ಯಿರಿ, 108 ಕರೆಯಿರಿ. ಇದಕ್ಕೆ ಮದ್ದು ಅಂದರೆ ವಿಷನಿರೋಧಕ ಚುಚ್ಚುಮದ್ದು ಒಂದೇ. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕು ಅಂತ ಮಾಡಿತು. ನಿಮ್ಮ ಹತ್ತಿರದ ಯಾವ ಸರ್ಕಾರಿ ಆಸ್ಪತ್ರೆಯಲ್ಲಿ ಈ ಚುಚ್ಚುಮದ್ದು ಇಟ್ಟಿರುತ್ತಾರೆ ಅಂತ ಸುಗ್ಗಿ ಶುರುವಾಗುವ ಮೊದಲೇ ಆಶಾ ಕಾರ್ಯಕರ್ತೆಯನ್ನು ಕೇಳಿ, ಬಾಗಿಲ ಹಿಂದಿನ ಚೀಟಿಗೆ ಅದನ್ನೂ ಸೇರಿಸಿ.

ತೊಗರಿ ಹೂವಿಗೆ ಬರುವುದೂ, ಹತ್ತಿಗೆ ಹುಳ ಬೀಳುವುದೂ ಇದೇ ಕಾಲ. ಔಷಧಿ ಹೊಡೆದ ದಿನ ಆ ಹೊಲಕ್ಕೂ, ಗಾಳಿ ಬೀಸುವ ಪಕ್ಕದ ಬದುವಿಗೂ ಮಕ್ಕಳು ಬೇಡ. ಹೊಡೆದು ಬಂದವರು ಸ್ನಾನ ಮಾಡಿ, ಬಟ್ಟೆ ಬದಲಿಸಿದ ಮೇಲೆಯೇ ಕೂಸನ್ನು ಎತ್ತಿಕೊಳ್ಳಲಿ. ನಮ್ಮ ಮನೆಯವರಿಗೆ ಇದು ಮೊದಮೊದಲು ಕಷ್ಟವಾಯಿತು, ಯಾಕೆಂದರೆ ಅಪ್ಪ ಬಂದ ಕೂಡಲೇ ಸಣ್ಣವನು ಕಾಲಿಗೆ ಜೋತುಬೀಳುತ್ತಾನೆ. ಆ ಬಟ್ಟೆ ಬೇರೆ ಬಕೆಟ್ಟಿನಲ್ಲಿ ಒಗೆಯಬೇಕು. ಉಳಿದ ಔಷಧಿಯನ್ನು ನೀರಿನ ಬಾಟಲಿಗೋ ತಂಪು ಪಾನೀಯದ ಬಾಟಲಿಗೋ ಹಾಕಿಡುವುದು ಎಷ್ಟೋ ಮನೆಯಲ್ಲಿದೆ. ದಯವಿಟ್ಟು ಇವತ್ತೇ ಬಿಡಿ. ಡಬ್ಬಿ ಮೇಲಿನ ತ್ರಿಕೋನದ ಬಣ್ಣ ಮಕ್ಕಳಿಗೂ ಕಲಿಸಿ. ಕೆಂಪು ಅತಿ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಹಸಿರಿದ್ದರೂ ಮುಟ್ಟುವಂತಿಲ್ಲ ಅಂತಲೂ ಹೇಳಿ. ಯಾವುದಾದರೂ ಮಗುವಿನ ಬಾಯಿಗೆ ಹೋದರೆ ಉಪ್ಪು ನೀರು ಕುಡಿಸಿ ವಾಂತಿ ಮಾಡಿಸಬೇಡಿ. ಡಬ್ಬಿಯನ್ನೂ ಹಿಡಿದುಕೊಂಡೇ ಆಸ್ಪತ್ರೆಗೆ ಓಡಿ.

ಸೊಳ್ಳೆಗೆ ವಾರಕ್ಕೊಮ್ಮೆ ಒಂದು ಗಂಟೆ ಸಾಕು. ನಳ ನಾಲ್ಕು ದಿನಕ್ಕೊಮ್ಮೆ ಬರುತ್ತದೆ ಅಂತ ಬ್ಯಾರಲ್ ತುಂಬಿಡುತ್ತೇವೆ. ಡೆಂಗಿ ಸೊಳ್ಳೆಗೆ ಆ ತಿಳಿ ನೀರೇ ಬೇಕು. ಮೊಟ್ಟೆ ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ. ಶನಿವಾರ ಶಾಲೆ ಬಿಟ್ಟ ಮೇಲೆ ಬ್ಯಾರಲ್ ಖಾಲಿ ಮಾಡಿ, ಒಳಗೆ ತಿಕ್ಕಿ, ಬಟ್ಟೆ ಕಟ್ಟಿ ಮುಚ್ಚುತ್ತೇವೆ. ಹುಳ ಹುಡುಕುವುದು ಮಕ್ಕಳ ಪಾಳಿ. ಜ್ವರ ಬಂದರೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಗುಳಿಗೆ ಅಂಗಡಿಯಿಂದ ತಂದು ಕೊಡಬೇಡಿ. ಜ್ವರ ಇಳಿದ ಮೇಲೆ ಹೊಟ್ಟೆ ನೋವು, ಪದೇ ಪದೇ ವಾಂತಿ, ಸುಸ್ತು ಕಂಡರೆ ಅದು ಗುಣವಾಗುವ ಲಕ್ಷಣ ಅಲ್ಲ, ತಕ್ಷಣ ಡಾಕ್ಟರ ಹತ್ತಿರ ಹೋಗಿ.

ಬನ್ನಿ ದಿನದ ಒಂದು ಪಾಠ

ಬನ್ನಿ ತರಲು ಹೋಗುವಾಗ ಮಕ್ಕಳಿಗೆ ಬನ್ನಿಗೂ ಬಳ್ಳಾರಿ ಜಾಲಿಗೂ ಇರುವ ವ್ಯತ್ಯಾಸ ತೋರಿಸಿ. ಎಲೆ ನೋಡಿದರೆ ಎರಡೂ ಅಣ್ಣ ತಮ್ಮಂದಿರಂತೆ. ಬಳ್ಳಾರಿ ಜಾಲಿ ಹೆಸರು ನಮ್ಮ ಕಡೆಯದಾದರೂ ಗಿಡ ಅಮೆರಿಕ ಖಂಡದಿಂದ ಬಂದದ್ದು. ಅದರ ಮುಳ್ಳು ಉದ್ದ, ಎಲೆ ಹುಟ್ಟುವ ಗೆಣ್ಣಿನಲ್ಲಿ ಜೋಡಿಯಾಗಿ ಇರುತ್ತದೆ. ಬನ್ನಿಯದು ಸಣ್ಣ ಮುಳ್ಳು, ಕೊಂಬೆ ಮೇಲೆ ಅಲ್ಲಲ್ಲಿ. ಇದು ಗೊತ್ತಿದ್ದ ಮಗು ಜಾಲಿ ಪೊದೆಗೆ ನುಗ್ಗಿ ಮುಳ್ಳು ಮುರಿಸಿಕೊಳ್ಳುವುದಿಲ್ಲ. ಸಂಜೆ “ಬನ್ನಿ ತಗೊಂಡು ಬಂಗಾರದಂಗ ಇರೋಣ” ಅಂತ ಕಾಲು ಮುಟ್ಟುತ್ತಾ ಓಣಿಯೆಲ್ಲ ಸುತ್ತಲಿ. ಜಗಳವಾಡಿದ ಮನೆಗೂ ಕಳಿಸಿ.

ಶೀಗಿ ಹುಣ್ಣಿಮೆ: ಹೊಲದ ಊಟ

ಆಶ್ವಯುಜದ ಹುಣ್ಣಿಮೆ. ಬೆಳೆ ತುಂಬಿದ ಭೂಮಿತಾಯಿಗೆ ಬಸುರಿ ಹೆಣ್ಣಿಗೆ ಮಾಡುವಂತೆ ಬಯಕೆ ಊಟ. ವರ್ಷದಲ್ಲಿ ಮನೆಯವರೆಲ್ಲ ಒಟ್ಟಿಗೆ ಹೊಲದಲ್ಲಿ ಕೂತು ಉಣ್ಣುವ ದಿನಗಳು ಬೆರಳೆಣಿಕೆ. ಆದ್ದರಿಂದ ಇದಕ್ಕೆ ಮೂರು ದಿನದ ತಯಾರಿ ಇಟ್ಟುಕೊಳ್ಳಿ.

ಎರಡು ದಿನ ಮೊದಲು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಮಾಡಿ. ಎಳ್ಳು ಉದುರಿಸುವ ಕೆಲಸ ಮಕ್ಕಳಿಗೆ ಬಿಡಿ, ಅರ್ಧ ನೆಲಕ್ಕೆ ಹೋಗುತ್ತದೆ, ಹೋಗಲಿ. ಹಿಂದಿನ ದಿನ ಶೇಂಗಾ ಹೋಳಿಗೆ. ಎರಡು ಲೋಟ ಹುರಿದ ಶೇಂಗಾ ಪುಡಿಗೆ ಒಂದೂವರೆ ಲೋಟ ಬೆಲ್ಲ, ಸ್ವಲ್ಪ ಹುರಿದ ಎಳ್ಳು, ಏಲಕ್ಕಿ. ಬೆಲ್ಲ ಒಣಗಿದಂತಿದ್ದರೆ ನಾಲ್ಕು ಹನಿ ನೀರು ಚಿಮುಕಿಸಿ ಉಂಡೆ ಕಟ್ಟಿ. ಆ ದಿನ ಬೆಳಿಗ್ಗೆ ಬದನೆಕಾಯಿ ಎಣ್ಣೆಗಾಯಿ, ಪುಂಡಿ ಪಲ್ಲೆ, ಕಡುಬು, ಮೊಸರನ್ನ. ಪುಂಡಿ ಪಲ್ಲೆ ಹುಳಿ ಅಂತ ಸಣ್ಣವನು ಮುಖ ಕಿವುಚುತ್ತಾನೆ, ಅವನಿಗೆ ಎರಡು ಕಡುಬು ಜಾಸ್ತಿ.

ಹೊಲದಲ್ಲಿ ಐದು ಕಲ್ಲಿಟ್ಟು ಪಾಂಡವರು ಅಂತ ಪೂಜೆ ಮಾಡುತ್ತೇವೆ. ಪೂಜೆಯಾದ ಮೇಲೆ ಚರಗ ಚೆಲ್ಲುವುದು. ಅಡುಗೆಯನ್ನೆಲ್ಲ ಸ್ವಲ್ಪ ಸ್ವಲ್ಪ ಕಲಸಿ ಬುಟ್ಟಿಯಲ್ಲಿ ಹಿಡಿದು ಒಬ್ಬರು “ಹುಲ್ಲುಲ್ಲಿಗೋ” ಅನ್ನುತ್ತಾ ಬೆಳೆ ಮೇಲೆ ಚೆಲ್ಲುತ್ತಾರೆ, ಹಿಂದೆ ನೀರು ಚಿಮುಕಿಸುವವರು “ಚಳ್ಳಂಬ್ರಿಗೋ” ಅನ್ನುತ್ತಾರೆ. ಊರಿಂದ ಊರಿಗೆ ಈ ಕೂಗು ಬದಲಾಗುತ್ತದೆ. ನಿಮ್ಮ ಮನೆಯ ಕೂಗು ಏನು ಅಂತ ಹಿರಿಯರ ಬಾಯಿಂದ ಕೇಳಿಸಿ, ಫೋನಿನಲ್ಲಿ ಹಿಡಿದಿಡಿ. ನೀರಿನ ತಂಬಿಗೆ ಮಗುವಿನ ಕೈಗೇ ಕೊಡಿ.

ಬುತ್ತಿ ಒಯ್ಯುವಾಗ ಚಕ್ಕಡಿ ಸಿಕ್ಕರೆ ಚಕ್ಕಡಿಯಲ್ಲೇ ಹೋಗಿ. ಟ್ರ್ಯಾಕ್ಟರ್ ಆದರೆ ಚಕ್ರದ ಮೇಲಿನ ಮಡ್ಗಾರ್ಡಿನ ಮೇಲೆ ಮಕ್ಕಳನ್ನು ಕೂರಿಸುವ ರೂಢಿ ಬಿಡಿ. ಟ್ರೇಲರಿನಲ್ಲಿ ದೊಡ್ಡವರ ನಡುವೆ ನೆಲಕ್ಕೆ ಕೂರಿಸಿ.

ಸಂಜೆ ಆರರಿಂದ ಎಂಟು

ನವೆಂಬರ್ ಬರುವಷ್ಟರಲ್ಲಿ ಆರರೊಳಗೆ ಸೂರ್ಯ ಮುಳುಗುತ್ತಾನೆ. ನಾವು ದಣಿದು ಬಂದಿರುತ್ತೇವೆ, ಮಕ್ಕಳ ಕೈಗೆ ಫೋನ್ ಹೋಗುತ್ತದೆ. ನಾನು ಫೋನ್ ಬೇಡ ಅಂತ ಗದರುವುದು ಬಿಟ್ಟೆ. ಬಂದ ಕೂಡಲೇ ಶೇಂಗಾ ಬುಟ್ಟಿ ನಡುವೆ ಇಟ್ಟು ಎಲ್ಲರೂ ಸುತ್ತ ಕೂತು ಕಾಯಿ ಒಡೆಯುತ್ತೇವೆ. ಕೈಗೆ ಕೆಲಸ, ಬಾಯಿಗೆ ಮಾತು. ನಮ್ಮ ಕಡೆ ಅಜ್ಜಿಗೆ ಅಮ್ಮ ಅನ್ನುತ್ತಾರೆ. “ಅಮ್ಮಾ, ಒಗಟು ಹಾಕು” ಅಂತ ಶುರುವಾದರೆ ಊಟದವರೆಗೆ ನಡೆಯುತ್ತದೆ. ಇಪ್ಪತ್ತು ನಿಮಿಷ ಸಾಕು, ಆದರೆ ದಿನಾ ಇರಬೇಕು.

ರಜೆಯಲ್ಲಿ ಒಂದು ದಿನ ಮಾತ್ರ ಹೊರಗೆ ಹೋಗಲು ಆಗುವುದಾದರೆ, ಕುಕನೂರು ಹತ್ತಿರದ ಇಟಗಿಗೆ ಹೋಗಿ. 1112ರಲ್ಲಿ ಕಟ್ಟಿದ ಮಹಾದೇವ ದೇವಾಲಯದ ಕಂಬಗಳ ನುಣುಪನ್ನು ಮಕ್ಕಳು ಕೈಯಾಡಿಸಿ ನೋಡಲಿ. ಇಲ್ಲವೇ ಕಿನ್ನಾಳಕ್ಕೆ ಹೋಗಿ ಮರದ ಗೊಂಬೆಗೆ ಬಣ್ಣ ಹಚ್ಚುವುದನ್ನು ತೋರಿಸಿ.

ದೀಪಾವಳಿ, ಆಮೇಲೆ ಗೌರಿ

ಪಟಾಕಿ ಹಚ್ಚುವ ಜಾಗದಿಂದ ಬಣವೆ ಎಷ್ಟು ದೂರ ಇದೆ ನೋಡಿ. ರಾಕೆಟ್ ಊರೊಳಗೆ ಬೇಡವೇ ಬೇಡ, ವರ್ಷದ ಮೇವು ಒಂದು ಕಿಡಿಗೆ ಹೋಗುತ್ತದೆ. ಹತ್ತಿ ಬಟ್ಟೆ ತೊಡಿಸಿ, ಪಕ್ಕದಲ್ಲಿ ಎರಡು ಕೊಡ ನೀರು ಇಡಿ. ಸುಟ್ಟರೆ ಇಪ್ಪತ್ತು ನಿಮಿಷ ತಣ್ಣೀರು ಹಾಕುತ್ತಲೇ ಇರಿ. ಪೇಸ್ಟ್, ಅರಿಶಿನ, ಎಣ್ಣೆ ಹಚ್ಚಬೇಡಿ.

ಪಾಡ್ಯದ ಬೆಳಿಗ್ಗೆ ಸಗಣಿಯ ಪಾಂಡವರನ್ನು ಮಾಡುವುದಕ್ಕೆ ಮಕ್ಕಳನ್ನೇ ಕೂರಿಸಿ. ಉತ್ತರಾಣಿ ಕಡ್ಡಿ, ಚೆಂಡು ಹೂ ಅವರೇ ಹುಡುಕಿ ತರಲಿ. ಪಾಂಡವರ ಮೂಗು ಸೊಟ್ಟಗಿದ್ದರೂ ತಿದ್ದಬೇಡಿ.

ಕಾರ್ತಿಕದ ಹುಣ್ಣಿಮೆಗೆ ಗೌರಿ. ಹೆಣ್ಣುಮಕ್ಕಳು ಸಕ್ಕರೆ ಆರತಿ ಹಿಡಿದು ಸಾಲಾಗಿ ಹೋಗುವುದನ್ನು ನೋಡಲು ನಮ್ಮ ಓಣಿಯ ಗಂಡುಮಕ್ಕಳೂ ಕಾಯುತ್ತಾರೆ. ಪೇಟೆಯಲ್ಲಿ ಸಕ್ಕರೆ ಗೊಂಬೆ ಸಿಗುತ್ತದೆ. ಆದರೆ ಓಣಿಯಲ್ಲಿ ಯಾರ ಮನೆಯಲ್ಲಾದರೂ ಹಳೆಯ ಕಟ್ಟಿಗೆ ಅಚ್ಚು ಇದ್ದರೆ ಕೇಳಿ ತನ್ನಿ. ಅಚ್ಚನ್ನು ಮೂರು ನಾಲ್ಕು ತಾಸು ನೀರಲ್ಲಿ ನೆನೆಸಿ, ಇಲ್ಲದಿದ್ದರೆ ಸಕ್ಕರೆ ಅಂಟುತ್ತದೆ. ಎರಡು ಹೋಳು ಜೋಡಿಸಿ ದಾರದಿಂದ ಬಿಗಿಯಾಗಿ ಕಟ್ಟಿ. ಸಕ್ಕರೆ ಮುಳುಗುವಷ್ಟು ನೀರು ಹಾಕಿ ಕುದಿಸಿ, ಒಂದೆರಡು ಚಮಚ ಹಾಲು ಹಾಕಿ ಮೇಲೆ ಬರುವ ಕೊಳೆ ತೆಗೆಯಿರಿ. ಪಾಕ ಗಟ್ಟಿಯಾದ ಮೇಲೆ ಇಳಿಸಿ, ಬೆಳ್ಳಗಾಗುವವರೆಗೆ ಬಿಡದೆ ತಿರುವಿ ಅಚ್ಚಿಗೆ ಹೊಯ್ಯಿರಿ. ಇಷ್ಟೂ ದೊಡ್ಡವರ ಕೆಲಸ, ಸಕ್ಕರೆ ಪಾಕ ಎಣ್ಣೆಯಷ್ಟೇ ಸುಡುತ್ತದೆ. ಆರಿದ ಮೇಲೆ ದಾರ ಬಿಚ್ಚುವುದು ಮಾತ್ರ ಮಕ್ಕಳ ಕೈಯಲ್ಲಿ ಆಗಲಿ. ಹೋದ ಸಲ ನಮ್ಮಲ್ಲಿ ಮೊದಲು ಬಂದದ್ದು ಆನೆ, ಸೊಂಡಿಲು ಮುರಿದಿತ್ತು. ಸೊಂಡಿಲು ಸಣ್ಣವನ ಬಾಯಿಗೆ ಹೋಯಿತು, ಆನೆ ಗೌರಿಯ ಮುಂದೆ ಹೋಯಿತು.

ರಾತ್ರಿ ಇಬ್ಬನಿಗೆ ಗೊಂಬೆ ನೀರೊಡೆಯುತ್ತದೆ, ಇರುವೆಯೂ ಬರುತ್ತದೆ. ಆರತಿ ಮುಗಿದು ಮನೆಗೆ ಬಂದ ಕೂಡಲೇ ಕಾಗದದಲ್ಲಿ ಸುತ್ತಿ ಗಟ್ಟಿ ಮುಚ್ಚಳದ ಡಬ್ಬಿಗೆ ಹಾಕಿ. ದಿನಕ್ಕೊಂದು ತುಂಡು ಕೊಟ್ಟರೆ ಒಂದು ವಾರ ಬರುತ್ತದೆ.